ಅರವತ್ತಕ್ಕೆ ಅರಳು ಮರಳು ಅಂದೋರು ಯಾರು?

ಭಾಗ 1

ವಯಸ್ಸಿನ ಬಗ್ಗೆ ನಮ್ಮಲ್ಲಿ ಎರಡು ಗಾದೆ ತುಂಬಾ ಓಡಾಡುತ್ತವೆ. ನೀವೂ ಕೇಳಿರ್ತೀರಿ. ಒಂದು, ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ. ಇನ್ನೊಂದು, ಅರವತ್ತಕ್ಕೆ ಅರಳು ಮರಳು. ಎರಡನ್ನೂ ಸೇರಿಸಿ ಓದಿದ್ರೆ ಸಿಗೋ ಲೆಕ್ಕ ಇಷ್ಟೇ: ಕಲಿಯೋದನ್ನೆಲ್ಲ ಚಿಕ್ಕವರಿದ್ದಾಗಲೇ ಕಲಿತುಬಿಡಬೇಕು, ಆಮೇಲೆ ಒಂದಷ್ಟು ವರ್ಷ ಅದರ ಮೇಲೇ ಬದುಕು ನಡೆಯುತ್ತೆ, ಅರವತ್ತಾದ ಮೇಲೆ ಎಲ್ಲ ಇಳಿಜಾರು.

ನಾನು ಕಾಲೇಜಲ್ಲಿ ಗೃಹವಿಜ್ಞಾನ ಪಾಠ ಮಾಡ್ತೀನಿ. ಮಾನವ ವಿಕಾಸ ಅನ್ನೋ ಪೇಪರ್ ನನ್ನದು. ಮೊದಲ ದಿನ ಕ್ಲಾಸಲ್ಲಿ "ವಿಕಾಸ ಅಂದ್ರೆ ಏನು, ಉದಾಹರಣೆ ಕೊಡಿ" ಅಂದ್ರೆ ಹುಡುಗೀರು ಪಟಪಟ ಹೇಳ್ತಾರೆ. ಮಗು ಬೋರಲು ಬೀಳೋದು, ಹಲ್ಲು ಬರೋದು, ಅಂಬೆಗಾಲು, ತೊದಲು ಮಾತು. "ಸರಿ, ನಿಮ್ಮ ಅಜ್ಜೀದು ಹೇಳಿ" ಅಂದ್ರೆ ನಗ್ತಾರೆ. ಅಜ್ಜಿಗೆ ಎಂಥ ವಿಕಾಸ ಮೇಡಂ!

ಅವರ ತಪ್ಪಲ್ಲ. ಶಾಸ್ತ್ರವೂ ಬಹಳ ಕಾಲ ಹಾಗೇ ಇತ್ತು. ಪಿಯಾಜೆ ಹೇಳಿದ ಹಂತಗಳು ಹದಿಹರೆಯದ ಹೊತ್ತಿಗೆ ಮುಗಿದುಹೋಗ್ತವೆ. ಎರಿಕ್ ಎರಿಕ್ಸನ್ 1950ರಲ್ಲಿ ಬದುಕಿಗೆ ಎಂಟು ಹಂತ ಅಂತ ಬರೆದು, ಅದರಲ್ಲಿ ಮೂರನ್ನ ದೊಡ್ಡವರಿಗೆ ಅಂತಲೇ ಇಟ್ಟಿದ್ದು ದೊಡ್ಡ ಬದಲಾವಣೆ. ಬ್ರಹ್ಮಚರ್ಯ, ಗೃಹಸ್ಥ, ವಾನಪ್ರಸ್ಥ, ಸನ್ಯಾಸ ಅಂತ ಇಡೀ ಆಯುಷ್ಯಕ್ಕೇ ನಕ್ಷೆ ಹಾಕಿದ್ದ ನಮಗೆ ಇದೇನು ಹೊಸದು ಅಂತೀರಾ? ಇರಬಹುದು. ಆ ನಕ್ಷೆಯಲ್ಲಿ ಹೆಂಗಸರಿಗೆ ಜಾಗ ಎಲ್ಲಿತ್ತು ಅಂತ ಇನ್ನೊಂದು ದಿನ ಜಗಳ ಆಡೋಣ.

ಈ ಏಳು ಪೋಸ್ಟ್ ಬರೆಯೋಕೆ ಕಾರಣ ಕ್ಲಾಸ್ ಅಲ್ಲ. ಈ ಮಳೆಗಾಲದಲ್ಲಿ ನಮ್ಮ ಮನೇಲಿ ಒಂದು ತೀರ್ಮಾನ ಆಗಬೇಕಿತ್ತು. 72 ವರ್ಷದ ನಮ್ಮಮ್ಮ ಚನ್ನರಾಯಪಟ್ಟಣದ ಮನೇಲಿ ಇನ್ನೂ ಒಬ್ಬರೇ ಇರಬಹುದಾ, ಬೇಡ್ವಾ ಅಂತ. ಆ ಮಾತಿಗೆ ಬರ್ತೀನಿ. ಅಲ್ಲಿವರೆಗೆ ಹೋಗೋಕೆ ಕೆಲವು ಮೂಲ ವಿಷಯ ಬೇಕು.

ಭಾಗ 2

ಫೋಟೋದಲ್ಲಿ ಕೂತುಕೊಂಡೇ ಹಾಲ್ ತುಂಬಾ ಸವಾರಿ ಮಾಡ್ತಿರೋ ಸಾಹೇಬ್ರು ನಮ್ಮ ನಾದಿನಿ ಮಗ. ಹದಿನಾಲ್ಕು ತಿಂಗಳು. ಅಂಬೆಗಾಲು ಇಡಲೇ ಇಲ್ಲ. ಕುಂಡಿ ಜರುಗಿಸಿಕೊಂಡೇ ಎಲ್ಲಿಗೆ ಬೇಕೋ ಅಲ್ಲಿಗೆ ಹೋಗ್ತಾನೆ. ಮನೆಗೆ ಬಂದೋರೆಲ್ಲ ಒಂದೇ ಪ್ರಶ್ನೆ: "ಇನ್ನೂ ನಡೆಯಲ್ವಾ? ನಮ್ಮೋನು ಹತ್ತು ತಿಂಗಳಿಗೇ ಓಡ್ತಿದ್ದ." ನಾದಿನಿಗೆ ರಾತ್ರಿ ನಿದ್ದೆ ಇಲ್ಲ.

ವಿಶ್ವ ಆರೋಗ್ಯ ಸಂಸ್ಥೆ ಇದನ್ನ ಐದು ದೇಶಗಳ ಆರೋಗ್ಯವಂತ ಮಕ್ಕಳಲ್ಲಿ ನೋಡಿದೆ: ಘಾನಾ, ಭಾರತ, ನಾರ್ವೆ, ಓಮನ್, ಅಮೆರಿಕ. 2006ರಲ್ಲಿ ಅದರ ಫಲಿತಾಂಶ ಬಂತು. ಯಾರ ಆಸರೆ ಇಲ್ಲದೆ ನಡೆಯೋಕೆ ಅವರು ಒಂದು ತಿಂಗಳು ಅಂತ ಗೆರೆ ಎಳೆಯಲಿಲ್ಲ, ಒಂದು ಕಿಟಕಿ ಕೊಟ್ರು. 8.2 ತಿಂಗಳಿಂದ 17.6 ತಿಂಗಳವರೆಗೆ. ಒಂಬತ್ತು ತಿಂಗಳಿಗೂ ದೊಡ್ಡ ಕಿಟಕಿ! ಇನ್ನೊಂದು ಮಾತು, ಆ ಮಕ್ಕಳಲ್ಲಿ ನೂರಕ್ಕೆ ನಾಲ್ಕು ಮಕ್ಕಳು ಅಂಬೆಗಾಲು ಇಡದೇನೇ ಮುಂದೆ ಹೋಗಿದ್ರು. ಅಂದ್ರೆ ಮೆಟ್ಟಿಲು ಎಲ್ಲರಿಗೂ ಒಂದೇ ಅಲ್ಲ, ಕೆಲವರು ಒಂದು ಮೆಟ್ಟಿಲು ಬಿಟ್ಟೇ ಹತ್ತುತ್ತಾರೆ. (ಹದಿನೆಂಟು ತಿಂಗಳಾದ್ರೂ ನಡೆಯದಿದ್ರೆ, ಅಥವಾ ಕಲಿತದ್ದನ್ನೇ ಮಗು ಬಿಡ್ತಾ ಬಂದ್ರೆ ಮಕ್ಕಳ ಡಾಕ್ಟರಿಗೆ ತೋರಿಸಲೇಬೇಕು. ಅದರಲ್ಲಿ "ನೋಡೋಣ" ಬೇಡ.)

ಬರ್ನೀಸ್ ನ್ಯೂಗಾರ್ಟನ್ ಅಂತ ಷಿಕಾಗೋದಲ್ಲಿ ಒಬ್ಬ ಪ್ರೊಫೆಸರ್ ಇದ್ರು. ಪ್ರತಿ ಸಮಾಜದ ತಲೆಯಲ್ಲೂ ಒಂದು ಗಡಿಯಾರ ಇರುತ್ತೆ, ಯಾವ ವಯಸ್ಸಿಗೆ ಏನಾಗಬೇಕು ಅಂತ ಅದು ಹೊಡೀತಾ ಇರುತ್ತೆ ಅಂದ್ರು. ಸಾಮಾಜಿಕ ಗಡಿಯಾರ. ನಮ್ಮಲ್ಲಿ ಅದನ್ನ ಯಾರೂ ಕಲಿಸಬೇಕಾಗಿಲ್ಲ. ಇನ್ನೂ ನಡೆಯಲ್ವಾ, ಇನ್ನೂ ಕೆಲಸ ಸಿಕ್ಕಿಲ್ವಾ, ಇನ್ನೂ ಮದುವೆ ಆಗಿಲ್ವಾ, ಇನ್ನೂ ವಿಶೇಷ ಇಲ್ವಾ. ಅರವತ್ತು ದಾಟಿದ ಮೇಲೆ ಪ್ರಶ್ನೆ ತಿರುಗಿ ನಿಲ್ಲುತ್ತೆ. ಇನ್ನೂ ಕೆಲಸ ಮಾಡ್ತೀರಾ? ಇನ್ನೂ ಒಬ್ಬರೇ ಇರ್ತೀರಾ? ಆ "ಇನ್ನೂ" ಗಮನಿಸಿ. ಮಗುವಿಗೆ ತಡವಾಯ್ತು ಅನ್ನೋ ಪದವೇ ಮುದುಕರಿಗೆ ಸಾಕು ಅನ್ನೋ ಪದ ಆಗುತ್ತೆ.

ಭಾಗ 3

ಬೆಳವಣಿಗೆ ಎಲ್ಲಿಂದ ಶುರು ಅಂತ ಕೇಳಿದ್ರೆ ಹುಟ್ಟಿನಿಂದ ಅನ್ನೋದು ಸಹಜ. ಅಲ್ಲ ಅಂತ ತೋರಿಸಿದ ಒಂದು ಕೆಲಸ ನಮ್ಮ ಮೈಸೂರಲ್ಲೇ ನಡೀತು. ಇದನ್ನ ನಾನು ಪ್ರತಿ ವರ್ಷ ಕ್ಲಾಸಲ್ಲಿ ಸ್ವಲ್ಪ ಜಂಬದಿಂದಲೇ ಹೇಳ್ತೀನಿ.

ಮೈಸೂರಿಗರು ಮಿಷನ್ ಆಸ್ಪತ್ರೆ ಅನ್ನೋ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದಲೇ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಡ್ತಿದ್ರು. ಆ ಲೆಡ್ಜರುಗಳು ಹಾಳಾಗದೆ ಉಳಿದ್ವು. ಎಷ್ಟೋ ವರ್ಷ ಆದ ಮೇಲೆ ಇಲ್ಲಿನ ಮತ್ತು ಇಂಗ್ಲೆಂಡಿನ ಸೌತಾಂಪ್ಟನ್‌ನ ಸಂಶೋಧಕರು ಸೇರಿ, 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿದ್ದ 517 ಜನರ ಹೃದಯ ಪರೀಕ್ಷೆ ಮಾಡಿದ್ರು. 1996ರಲ್ಲಿ ಅದು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯ್ತು. ಹುಟ್ಟುವಾಗ ಸಣ್ಣಗಿದ್ದವರಲ್ಲಿ ದೊಡ್ಡವರಾದ ಮೇಲೆ ಹೃದಯದ ಕಾಯಿಲೆ ಹೆಚ್ಚು. ಹುಟ್ಟಿದಾಗ ಎರಡೂವರೆ ಕೆಜಿ ಅಥವಾ ಅದಕ್ಕಿಂತ ಕಡಿಮೆ ಇದ್ದು, ಬಸುರಿಯಲ್ಲಿ ತಾಯಿಯ ತೂಕವೂ 45 ಕೆಜಿಗಿಂತ ಕಡಿಮೆ ಇದ್ದವರಲ್ಲಿ ನೂರಕ್ಕೆ ಇಪ್ಪತ್ತು ಜನಕ್ಕೆ ಕಾಯಿಲೆ ಕಂಡಿತ್ತು. ಯೋಚನೆ ಮಾಡಿ, ಐವತ್ತು ವರ್ಷದ ಎದೆನೋವಿನ ಬೇರು ಅವರ ತಾಯಿಯ ತಟ್ಟೆಯಲ್ಲಿತ್ತು.

ನಮ್ಮಮ್ಮನೂ ಹುಟ್ಟಿದ್ದು ಅದೇ ಆಸ್ಪತ್ರೆಯಲ್ಲೇ, 1953ರಲ್ಲಿ. ಎಷ್ಟು ತೂಕ ಇದ್ರು ಅಂತ ಮನೇಲಿ ಯಾರಿಗೂ ಗೊತ್ತಿಲ್ಲ. "ಅಂಗೈಯಗಲ ಇದ್ದೆ ಅಂತ ನಮ್ಮವ್ವ ಹೇಳೋರು" ಅಂತಾರೆ ಅಮ್ಮ.

ಹಾಗಂತ ಹಣೆಬರಹ ಅಲ್ಲೇ ಮುಗೀತು ಅಂತ ತಿಳ್ಕೋಬೇಡಿ. ಕಾಯಿಲೆ ಬರದ ಎಂಬತ್ತು ಜನರನ್ನೂ ಎಣಿಸಬೇಕಲ್ವಾ? ಹವಾಯಿಯ ಕವಾಯ್ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನ ಎಮ್ಮಿ ವರ್ನರ್ ಮತ್ತು ಜೊತೆಗಾರರು ದಶಕಗಳ ಕಾಲ ಹಿಂಬಾಲಿಸಿದ್ರು. ಬಡತನ, ಹೆರಿಗೆಯ ತೊಂದರೆ, ಮನೆಯೊಳಗಿನ ಜಗಳ ಎಲ್ಲ ಸೇರಿ ತುಂಬಾ ಕಷ್ಟದಲ್ಲಿ ಶುರುವಾದ ಮಕ್ಕಳಲ್ಲೂ ಮೂರನೇ ಒಂದು ಭಾಗ ಗಟ್ಟಿಯಾಗಿ ಬೆಳೆದು ನಿಂತ್ರು. ಅವರ ಬದುಕಲ್ಲಿ ಒಬ್ಬರಾದ್ರೂ ನೆಚ್ಚಿನ ದೊಡ್ಡವರು ಇದ್ರು ಅನ್ನೋದು ಮತ್ತೆ ಮತ್ತೆ ಕಂಡ ವಿಷಯ. ಅಜ್ಜಿ, ಟೀಚರ್, ಯಾರೋ ಒಬ್ಬರು.

ಭಾಗ 4

ಜರ್ಮನಿಯಲ್ಲಿ ಪಾಲ್ ಬಾಲ್ಟೆಸ್ ಅಂತ ಒಬ್ಬ ಮನಶ್ಶಾಸ್ತ್ರಜ್ಞ ಇದ್ರು, 2006ರಲ್ಲಿ ತೀರಿಕೊಂಡ್ರು. ನನ್ನ ಮಟ್ಟಿಗೆ ಈ ವಿಷಯದಲ್ಲಿ ಒಬ್ಬರನ್ನೇ ಓದಬೇಕು ಅಂದ್ರೆ ಇವರನ್ನ. ಮನುಷ್ಯನನ್ನ ಬದಲಾಯಿಸೋ ಶಕ್ತಿಗಳು ಮೂರು ಕಡೆಯಿಂದ ಬರ್ತವೆ ಅಂದ್ರು ಅವರು. ವಯಸ್ಸಿನ ಜೊತೆ ಎಲ್ಲರಿಗೂ ಬರೋದು ಒಂದು: ಹಾಲುಹಲ್ಲು ಬೀಳೋದು, ಮುಟ್ಟು ನಿಲ್ಲೋದು, ರಿಟೈರ್ ಆಗೋದು. ಒಂದು ಕಾಲದಲ್ಲಿ ಬದುಕಿದ್ದವರಿಗೆಲ್ಲ ಒಟ್ಟಿಗೆ ಬರೋದು ಇನ್ನೊಂದು, 2020ರ ಲಾಕ್‌ಡೌನ್ ಥರ. ಮೂರನೇದು ಯಾರ ಪಟ್ಟಿಯಲ್ಲೂ ಇಲ್ಲದ್ದು, ನಿಮ್ಮೊಬ್ಬರ ಮನೆ ಬಾಗಿಲಿಗೇ ಬರೋದು.

ನಮ್ಮ ಮನೆಗೆ ಮೂರನೇದು 1999ರಲ್ಲಿ ಬಂತು. ಅಪ್ಪ ರಸ್ತೆ ಅಪಘಾತದಲ್ಲಿ ಹೋದ್ರು. ಅಮ್ಮಂಗೆ 46. ಎಸ್ಸೆಸ್ಸೆಲ್ಸಿ ಓದು, ಒಂದು ದಿನವೂ ಹೊರಗೆ ದುಡಿದವರಲ್ಲ. ಆ ವರ್ಷವೇ ಸಾರಿನ ಪುಡಿ, ಹುಳಿ ಪುಡಿ, ಚಟ್ನಿಪುಡಿ, ಹಪ್ಪಳ, ಸಂಡಿಗೆ, ಉಪ್ಪಿನಕಾಯಿ ಮಾಡಿ ಮಾರೋಕೆ ಶುರು ಮಾಡಿದ್ರು. ಅಣ್ಣನ ಇಂಜಿನಿಯರಿಂಗು, ನನ್ನ ಎಂಎಸ್ಸಿ ಎರಡೂ ಆ ಒಲೆಯಿಂದ ಎದ್ದು ಬಂದದ್ದು.

ಎರಡನೇದು 2020ರಲ್ಲಿ. ಮನೆ ಬಾಗಿಲಿಗೆ ಬರ್ತಿದ್ದ ಗಿರಾಕಿಗಳು ನಿಂತ್ರು. 67ನೇ ವಯಸ್ಸಲ್ಲಿ ಅಮ್ಮ ಫೋನ್‌ಪೇ ಕಲಿತ್ರು, ಕೊರಿಯರ್‌ಗೆ ಪ್ಯಾಕ್ ಮಾಡೋದು ಕಲಿತ್ರು. ಪಕ್ಕದ್ಮನೆ ಪಿಯುಸಿ ಹುಡುಗ ಗುರು. ಅದಕ್ಕೆ ಮೊದಲು ನಾವೇ "ಅಮ್ಮಂಗೆ ವಯಸ್ಸಾಯ್ತು, ಮೊಬೈಲ್ ಅರ್ಥ ಆಗಲ್ಲ" ಅಂತಿದ್ವಲ್ಲ, ಅದು ವಯಸ್ಸಿನ ಮಾತೇ ಆಗಿರಲಿಲ್ಲ. ಅವರು ಬೆಳೆದ ಕಾಲದಲ್ಲಿ ಅದು ಇರಲಿಲ್ಲ, ಅಷ್ಟೇ.

ಈ ಗೊಂದಲದಲ್ಲಿ ಶಾಸ್ತ್ರವೇ ಬಹಳ ವರ್ಷ ಸಿಕ್ಕಿಬಿದ್ದಿತ್ತು. ಒಂದೇ ದಿನ 25ರವರನ್ನೂ 70ರವರನ್ನೂ ಕೂರಿಸಿ ಬುದ್ಧಿ ಪರೀಕ್ಷೆ ಕೊಟ್ರೆ 70ರವರಿಗೆ ಕಡಿಮೆ ಅಂಕ ಬರುತ್ತೆ. ಬುದ್ಧಿ ಇಳೀತು ಅಂತ ಬರೆದುಬಿಡ್ತಿದ್ರು. ಆದ್ರೆ ಅವರಿಬ್ಬರು ಓದಿದ ಶಾಲೆ ಬೇರೆ, ತಿಂದ ಊಟ ಬೇರೆ, ಕಂಡ ಕಾಲ ಬೇರೆ. ಅಮೆರಿಕದ ಸಿಯಾಟಲ್‌ನಲ್ಲಿ ವಾರ್ನರ್ ಷಾಯ್ 1956ರಲ್ಲಿ ಶುರು ಮಾಡಿದ ಅಧ್ಯಯನದಲ್ಲಿ ಅದೇ ಜನರನ್ನ ಏಳೇಳು ವರ್ಷಕ್ಕೊಮ್ಮೆ ಮತ್ತೆ ಮತ್ತೆ ಪರೀಕ್ಷೆ ಮಾಡಿದ್ರು. ಆಗ ಚಿತ್ರವೇ ಬೇರೆ. ವೇಗ ಬೇಗ ಕಡಿಮೆ ಆಗುತ್ತೆ, ನಿಜ. ಮಿಕ್ಕ ಬಹುಪಾಲು ಸಾಮರ್ಥ್ಯ ಅರವತ್ತರವರೆಗೂ ಗಟ್ಟಿಯಾಗೇ ಇತ್ತು. ಆಮೇಲಿನ ಇಳಿತವೂ ಒಬ್ಬೊಬ್ಬರಲ್ಲಿ ಒಂದೊಂದು ಥರ.

ಭಾಗ 5

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗುತ್ತಾ ಅನ್ನೋದಕ್ಕೆ ಉತ್ತರವೂ ಅಲ್ಲೇ ಇದೆ. ಷೆರಿ ವಿಲ್ಲಿಸ್ ಮತ್ತು ಷಾಯ್ ಸೇರಿ, ಅದೇ ಗುಂಪಿನ ಹಿರಿಯರಿಗೆ ಬರೀ ಐದು ಗಂಟೆ ತರಬೇತಿ ಕೊಟ್ರು. 1986ರ ಸುದ್ದಿ ಇದು. ಸುಮಾರು ಮೂರನೇ ಎರಡು ಭಾಗ ಜನ ಸುಧಾರಿಸಿದ್ರು. ಅಂಕ ಇಳಿದಿದ್ದವರಲ್ಲಿ ನೂರಕ್ಕೆ ನಲವತ್ತು ಜನ ಹದಿನಾಲ್ಕು ವರ್ಷದ ಹಿಂದೆ ಎಲ್ಲಿದ್ರೋ ಅಲ್ಲಿಗೆ ವಾಪಸ್ ಬಂದ್ರು. ಮರ ಬಗ್ಗುತ್ತೆ. ಗಿಡದಷ್ಟು ಸಲೀಸಾಗಿ ಅಲ್ಲ, ಎಷ್ಟು ಬೇಕೋ ಅಷ್ಟೂ ಅಲ್ಲ. ಆದ್ರೆ ಬಗ್ಗುತ್ತೆ.

ಬಾಲ್ಟೆಸ್ ಹೇಳಿದ್ದರಲ್ಲಿ ನನಗೆ ಅತಿ ಇಷ್ಟವಾದ ಮಾತು ಬೇರೆ. ಬೆಳವಣಿಗೆ ಅಂದ್ರೆ ಯಾವ ವಯಸ್ಸಲ್ಲೂ ಬರೀ ಗಳಿಕೆ ಅಲ್ಲ, ಬರೀ ನಷ್ಟವೂ ಅಲ್ಲ, ಎರಡೂ ಒಟ್ಟಿಗೇ. ಇದನ್ನ ಮುದುಕರಿಗೆ ಹೇಳೋ ಸಮಾಧಾನ ಅಂದ್ಕೋಬೇಡಿ. ಮಗುವನ್ನೇ ನೋಡಿ. ಆರು ತಿಂಗಳ ಕೂಸು ಪ್ರಪಂಚದ ಎಷ್ಟೋ ಭಾಷೆಗಳ ಸದ್ದಿನ ವ್ಯತ್ಯಾಸ ಹಿಡಿಯುತ್ತೆ. ವರ್ಷ ತುಂಬೋ ಹೊತ್ತಿಗೆ ತನ್ನ ಮನೆಮಾತಿನ ಸದ್ದಿಗೆ ಕಿವಿ ಚುರುಕಾಗಿ, ಮಿಕ್ಕವಕ್ಕೆ ಮಂದವಾಗುತ್ತೆ. ನಮ್ಮ ಮಗು ಕನ್ನಡ ಕಲಿಯೋ ಸಂಭ್ರಮದಲ್ಲಿ ಈ ನಷ್ಟ ನಮಗೆ ಕಾಣಲ್ಲ. ಹಾಗೇ ಅಜ್ಜಿ ಕನ್ನಡಕ ಹುಡುಕೋದು ನೋಡೋ ಗಡಿಬಿಡಿಯಲ್ಲಿ ಅವರ ಗಳಿಕೆ ಕಾಣಲ್ಲ. ಬೇಂದ್ರೆಯವರ ಸಂಕಲನದ ಹೆಸರೇ "ಅರಳು ಮರಳು" ಅಲ್ವಾ? ಅದಕ್ಕೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದ 1958ರಲ್ಲಿ ಅವರಿಗೆ 62.

ಇನ್ನೊಂದು ಕಡೆಯಿಂದಲೂ ಆ ಗಾದೆ ಕೆಟ್ಟದ್ದು ಮಾಡುತ್ತೆ. ದಾರಿ ತಪ್ಪೋದು, ಈಗಷ್ಟೇ ಉಂಡಿದ್ದು ಮರೆತು ಮತ್ತೆ ತಟ್ಟೆ ಕೇಳೋದು, ಇವೆಲ್ಲ "ವಯಸ್ಸಾಯ್ತಲ್ಲ" ಅಲ್ಲ. ಅದು ಕಾಯಿಲೆ ಇರಬಹುದು, ಥೈರಾಯ್ಡೋ ಬಿ12 ಕೊರತೆಯೋ ಇರಬಹುದು, ಡಾಕ್ಟರ್ ನೋಡಬೇಕು. ಅರಳು ಮರಳು ಅಂತ ಮೂಲೆಯಲ್ಲಿ ಕೂರಿಸೋದು ಇಬ್ಬರಿಗೂ ಅನ್ಯಾಯ, ಕಾಯಿಲೆ ಇದ್ದವರಿಗೂ ಇಲ್ಲದವರಿಗೂ.

ಹಾಗಾದ್ರೆ ನಷ್ಟ ಇದ್ದೂ ಜನ ಹೇಗೆ ಚೆನ್ನಾಗಿ ನಡೆಸ್ತಾರೆ? ಇದಕ್ಕೆ ಬಾಲ್ಟೆಸ್ ಸದಾ ಕೊಡ್ತಿದ್ದ ಉದಾಹರಣೆ ಪಿಯಾನೋ ವಾದಕ ಆರ್ಥರ್ ರೂಬಿನ್‌ಸ್ಟೈನ್. ಎಂಬತ್ತರಲ್ಲೂ ಕಛೇರಿ ಕೊಡ್ತಿದ್ರು. ಹೇಗೆ ಸಾಧ್ಯ ಅಂತ ಕೇಳಿದಾಗ ಮೂರು ವಿಷಯ ಹೇಳಿದ್ರಂತೆ. ಮೊದಲಿಗಿಂತ ಕಡಿಮೆ ಕೃತಿಗಳನ್ನ ನುಡಿಸ್ತೀನಿ. ಅಷ್ಟನ್ನ ಹೆಚ್ಚು ಸಲ ಅಭ್ಯಾಸ ಮಾಡ್ತೀನಿ. ವೇಗದ ಭಾಗ ಬರೋ ಮುಂಚೆ ಬೇಕಂತಲೇ ನಿಧಾನ ಮಾಡ್ತೀನಿ, ಆಗ ಮುಂದಿನದ್ದು ಕೇಳೋರ ಕಿವಿಗೆ ವೇಗವಾಗೇ ಕೇಳುತ್ತೆ. ಆರಿಸಿಕೊಳ್ಳೋದು, ಆರಿಸಿದ್ದನ್ನ ತಿದ್ದಿ ತೀಡೋದು, ಹೋದದ್ದಕ್ಕೆ ಬೇರೆ ದಾರಿ ಹುಡುಕೋದು. ಬಾಲ್ಟೆಸ್ ಮತ್ತು ಅವರ ಹೆಂಡತಿ ಮಾರ್ಗ್ರೆಟ್ ಇದನ್ನೇ ಒಂದು ಸಿದ್ಧಾಂತವಾಗಿ 1990ರಲ್ಲಿ ಬರೆದ್ರು.

ಭಾಗ 6

ಫೋಟೋದಲ್ಲಿರೋದು ಅಮ್ಮನ ಬಾಣಲೆ. ಪಕ್ಕದ ಮೊರದಲ್ಲಿ ಬ್ಯಾಡಗಿ ಮೆಣಸಿನಕಾಯಿ.

ಒಂದು ಕಾಲದಲ್ಲಿ ಅಮ್ಮನ ಪಟ್ಟಿಯಲ್ಲಿ ಹದಿನಾಲ್ಕು ಐಟಂ ಇದ್ವು. ಹಪ್ಪಳ ನಿಂತು ಎಂಟು ವರ್ಷ ಆಯ್ತು, ಲಟ್ಟಿಸೋಕೆ ಮಣಿಕಟ್ಟು ಕೇಳಲ್ಲ. ಸಂಡಿಗೆ ನಿಂತಿದ್ದು ಮಹಡಿ ಮೆಟ್ಟಿಲ ದೆಸೆಯಿಂದ. ಉಪ್ಪಿನಕಾಯಿಯ ಭರಣಿ ಎತ್ತೋಕಾಗಲ್ಲ ಅಂತ ಅದನ್ನೂ ಬಿಟ್ರು. ಈಗ ಎರಡೇ: ಸಾರಿನ ಪುಡಿ, ಹುಳಿ ಪುಡಿ. ಮೊದಲು ಒಂದೇ ಸಲಕ್ಕೆ ಐದು ಕೆಜಿ ಹುರೀತಿದ್ರು, ಈಗ ಬೆಳಿಗ್ಗೆ ಬಿಸಿಲೇರೋ ಮುಂಚೆ ಅರ್ಧರ್ಧ ಕೆಜಿ. ಹುರಿದದ್ದನ್ನ ಮಿಲ್ಲಿಗೆ ತಗೊಂಡು ಹೋಗೋದು ಪಕ್ಕದ್ಮನೆ ಹುಡುಗ. ಆದ್ರೆ ಅವನ ಜೊತೆ ಅಮ್ಮನೂ ಹೋಗಿ ನಿಲ್ತಾರೆ. ಮುಂಚಿನವರು ರಾಗಿ ಬೀಸಿಸಿದ್ರೆ ಆ ಹಿಟ್ಟು ಪುಡಿಗೆ ಬರುತ್ತಂತೆ, ಅದನ್ನ ನೋಡ್ಕೋಬೇಕು.

ನನಗೆ ಮೈ ಜುಂ ಅಂದಿದ್ದು ಬೇರೆ ಒಂದು ವಿಷಯಕ್ಕೆ. ಅಮ್ಮನ ಮೂಗು ಮೊದಲಿನ ಹಾಗಿಲ್ಲ. ವಯಸ್ಸಾದಂತೆ ವಾಸನೆ ಹಿಡಿಯೋ ಶಕ್ತಿ ಕುಗ್ಗೋದು ಸಾಮಾನ್ಯ, ಆದ್ರೆ ಪುಡಿ ಮಾಡೋರಿಗೆ ಮೂಗೇ ತಕ್ಕಡಿ. ಕೊತ್ತಂಬರಿ ಬೀಜ ಹದಕ್ಕೆ ಬಂದಿದ್ದು ಹಜಾರದಲ್ಲಿ ಕೂತೇ ಗೊತ್ತಾಗ್ತಿತ್ತು ಅವರಿಗೆ. ಈಗ ಏನ್ಮಾಡ್ತಾರೆ ಗೊತ್ತಾ? ಎರಡು ಕಾಳು ತೆಗೆದು ಹಲ್ಲಲ್ಲಿ ಕಡೀತಾರೆ. ಟಕ್ ಅಂತ ಮುರಿದ್ರೆ ಆಯ್ತು, ಮೆತ್ತಗಿದ್ರೆ ಇನ್ನೂ ಬೇಕು. ಮೆಂತ್ಯಕ್ಕೆ ಬಣ್ಣ ನೋಡ್ತಾರೆ, ಅದಕ್ಕಂತಲೇ ಒಲೆ ಪಕ್ಕ ಬಿಳಿ ಪಿಂಗಾಣಿ ತಟ್ಟೆ ಇಟ್ಕೊಂಡಿದ್ದಾರೆ. ಕರಿಬೇವನ್ನ ಕೈಯಲ್ಲಿ ಹಿಸುಕಿ ಸದ್ದು ಕೇಳ್ತಾರೆ. ಇದನ್ನ ಯಾರೂ ಹೇಳಿಕೊಟ್ಟಿಲ್ಲ. ಬಾಲ್ಟೆಸ್ ಯಾರು ಅಂತ ಅವರಿಗೆ ಗೊತ್ತಿಲ್ಲ. ಪುಡಿ ಮಾತ್ರ ಅದೇ ಪುಡಿ, ಇಪ್ಪತ್ತು ವರ್ಷದ ಗಿರಾಕಿಗಳು ಒಬ್ಬರೂ ವ್ಯತ್ಯಾಸ ಹೇಳಿಲ್ಲ.

ಈ ಆಷಾಢದಲ್ಲಿ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ರು. ಎಡಗೈ ಮಣಿಕಟ್ಟಿಗೆ ಸಣ್ಣ ಬಿರುಕು, ಐದು ವಾರ ಪಟ್ಟಿ. ಅರ್ಧ ಗಂಟೆ ಅಲ್ಲೇ ಕೂತಿದ್ರಂತೆ, ಒಳಗಿಂದ ಚಿಲಕ ಹಾಕಿದ್ರಿಂದ ಕೂಗಿದ್ರೂ ಯಾರೂ ಬರೋಕಾಗ್ಲಿಲ್ಲ.

ಭಾಗ 7

ಅಣ್ಣ ಬೆಂಗಳೂರಿಂದ ಬಂದ. "ಇನ್ನು ಸಾಕಮ್ಮ. ನೀನು ನಮ್ಜೊತೆ ಬಾ, ಈ ಮನೆ ಬಾಡಿಗೆಗೆ ಕೊಡೋಣ. ಪುಡಿಗಿಡಿ ಏನೂ ಬೇಡ, ಆರಾಮಾಗಿರು."

ಅಣ್ಣನ್ನ ಕೆಟ್ಟೋನು ಮಾಡಿ ಓದಬೇಡಿ. ಅವನ ಭಯ ಸರಿಯಾದ ಭಯ. ಈ ವಯಸ್ಸಲ್ಲಿ ಬೀಳೋದು ಸಣ್ಣ ವಿಷಯ ಅಲ್ಲ. ಸೊಂಟದ ಮೂಳೆ ಮುರಿದಿದ್ರೆ ಕಥೆಯೇ ಬೇರೆ ಇತ್ತು. ಗಳಿಕೆ ಗಳಿಕೆ ಅಂತ ನಷ್ಟವನ್ನ ಮುಚ್ಚಿಡೋ ಪೋಸ್ಟ್‌ಗಳು ನನಗೂ ಆಗಲ್ಲ.

ಆದ್ರೆ "ಆರಾಮಾಗಿರು" ಅಂದ್ರೆ ಏನು? ಹನ್ನೊಂದನೇ ಮಹಡಿಯ ಫ್ಲ್ಯಾಟಿನಲ್ಲಿ, ಅಣ್ಣ ಅತ್ತಿಗೆ ಇಬ್ಬರೂ ಆಫೀಸಿಗೆ ಹೋದ ಮೇಲೆ, ಯಾರ ಪರಿಚಯವೂ ಇಲ್ಲದ ಕಡೆ ಬೆಳಿಗ್ಗೆಯಿಂದ ಸಂಜೆವರೆಗೆ ಟಿವಿ. ನಾನು ಅಣ್ಣನಿಗೆ ಹೇಳಿದ್ದು ಇಷ್ಟೇ. ಎಪ್ಪತ್ತೆರಡು ಅನ್ನೋ ಅಂಕಿ ಬಿಡು. ಯಾವ ಕೆಲಸ ಅಮ್ಮನ ಕೈಯಲ್ಲಿ ಆಗಲ್ಲ, ಯಾವುದು ಆಗುತ್ತೆ, ಯಾವುದು ದಾರಿ ಬದಲಾಯಿಸಿದ್ರೆ ಆಗುತ್ತೆ, ಅಷ್ಟು ಕೂತು ಬರೆಯೋಣ.

ನಾವು ಹಾಲಲ್ಲಿ ವಾದ ಮಾಡ್ತಿದ್ದಾಗ ಅಮ್ಮ ಅಡುಗೆಮನೇಲಿ ಕಾಫಿ ಸೋಸ್ತಿದ್ರು. ಲೋಟ ತಂದಿಟ್ಟು, "ನನ್ನ ಬಗ್ಗೆ ಮಾತಾಡ್ತಿರೋದಾದ್ರೆ ನನ್ನನ್ನೂ ಕೂರಿಸ್ಕೊಳ್ಳಿ" ಅಂದ್ರು. ಗೋಡೆಯ ಕ್ಯಾಲೆಂಡರ್ ಹಿಂದೆ ಬರೆದಿಟ್ಟಿದ್ದ ಪಟ್ಟಿ ತೆಗೆದ್ರು. ಬಿದ್ದ ವಾರವೇ ಬರೆದಿದ್ದು, ಬಲಗೈ ಸರಿ ಇತ್ತಲ್ಲ.

ಅಟ್ಟ ಹತ್ತಲ್ಲ. ಬಚ್ಚಲ ಬಾಗಿಲಿಗೆ ಚಿಲಕ ಹಾಕಲ್ಲ. ಒಂದು ಕೀ ಪಕ್ಕದ್ಮನೆಯಲ್ಲಿ. ಬಚ್ಚಲಿಗೆ ಕಂಬಿ ಹಾಕಿಸ್ಬೇಕು, ಒರಟು ಕಲ್ಲು ಹಾಕಿಸ್ಬೇಕು, ದುಡ್ಡು ನಂದೇ. ಕಣ್ಣಿನ ಪೊರೆ ಈ ವರ್ಷ ತೆಗೆಸಿಬಿಡೋದು. ದೀಪಾವಳಿ ಆರ್ಡರ್ ಅರ್ಧಕ್ಕೆ ನಿಲ್ಸೋದು. ಕೊನೇ ಸಾಲು ಹೀಗಿತ್ತು: ಒಲೆ ಆರಿಸೋದು ಮರೆತ್ರೆ, ಎರಡು ಸಲ ಮರೆತ್ರೆ, ಬೆಂಗಳೂರಿಗೆ.

ಅಣ್ಣ ಆ ಸಾಲನ್ನ ಎರಡು ಸಲ ಓದಿದ. ಆಮೇಲೆ ಪ್ಲಂಬರ್ ನಂಬರ್ ಕೇಳಿದ.

ಯುಗಾದಿವರೆಗೆ ಹೀಗೇ ಅಂತ ಆಗಿದೆ. ಆಮೇಲೆ ಮತ್ತೆ ಕೂತು ನೋಡೋದು. ಕಂಬಿ ಬಂದಿದೆ, ಪೊರೆ ಆಪರೇಷನ್ ಒಂದು ಕಣ್ಣಿಗೆ ಆಗಿದೆ. ಅಣ್ಣ ದಿನಾ ಸಂಜೆ ಏಳಕ್ಕೆ ವಿಡಿಯೋ ಕಾಲ್ ಮಾಡಿ ಮೊದಲು ಒಲೆ ತೋರಿಸು ಅಂತಾನೆ. ಅಮ್ಮ ಬೈಕೊಂಡೇ ತೋರಿಸ್ತಾರೆ.

ನಿಮ್ಮ ಮನೆಯ ಹಿರಿಯರು ಯಾವುದನ್ನ ಬಿಟ್ಟಿದ್ದಾರೆ, ಯಾವುದನ್ನ ಬಿಡದೆ ಉಳಿಸ್ಕೊಂಡಿದ್ದಾರೆ, ಯಾವುದಕ್ಕೆ ಹೊಸ ದಾರಿ ಹುಡುಕಿದ್ದಾರೆ? ಒಂದು ದಿನ ಪಕ್ಕದಲ್ಲಿ ಕೂತು ನೋಡಿ, ಬರೀರಿ. ಕ್ಲಾಸಲ್ಲಿ ಅಜ್ಜಿಯ ಉದಾಹರಣೆ ಕೇಳಿದಾಗ ನಗೋ ಹುಡುಗೀರಿಗೆ ಓದಿ ಹೇಳ್ತೀನಿ.

#ಮಾನವವಿಕಾಸ #ಬದುಕಿನುದ್ದಕ್ಕೂ #ಅಮ್ಮನಸಾರಿನಪುಡಿ #ಕನ್ನಡಬರಹ